ಮಡಕೆಯ ಕಲೆ ಇರುವುದು ಬಳಕೆಯಲ್ಲೇ

ಜಪಾನಿನ ಕ್ಯೋಟೋ ನಗರದಲ್ಲಿ ದೈತೊಕುಜಿ ಎಂಬ ಝೆನ್ ಮಠವಿದೆ. ಅದರ ಆವರಣದ ಕೊಹೊಆನ್ ಎಂಬ ಚಿಕ್ಕ ಮಂದಿರದಲ್ಲಿ ಒಂದು ಬಟ್ಟಲನ್ನು ರೇಷ್ಮೆಯಲ್ಲಿ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಹದಿನಾರನೆಯ ಶತಮಾನದ ಸುಮಾರಿಗೆ ಕೊರಿಯಾದ ಯಾರೋ ಕುಂಬಾರ ತಿಗರಿಯ ಮೇಲೆ ಎತ್ತಿದ ಬಟ್ಟಲು ಅದು. ಅವನ ಬೆರಳು ಸುತ್ತಿ ಹೋದ ಗುರುತುಗಳು ಮೈಮೇಲೆ ಹಾಗೇ ಉಳಿದಿವೆ. ಬುಡದ ಸುತ್ತ ಗ್ಲೇಜು ಸುಕ್ಕುಗಟ್ಟಿ ಹನಿಹನಿಯಾಗಿ ನಿಂತಿದೆ. ಮುಕ್ಕಾದಲ್ಲಿ ಅರಗಿನಿಂದ ಬೆಸೆದಿದ್ದಾರೆ. ಜಪಾನಿಗೆ ಬಂದ ಮೇಲೆ ಒಂದು ಕಾಲದಲ್ಲಿ ಅದರ ಒಡೆಯನಾಗಿದ್ದ ಓಸಾಕಾದ ವರ್ತಕನ ಹೆಸರೇ ಅದಕ್ಕೆ ಅಂಟಿಕೊಂಡು ‘ಕಿಝಾಎಮೊನ್’ ಆಯಿತು. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ. 1931ರಲ್ಲಿ ಅದನ್ನು ನೋಡಲು ಹೋದ ಕಲಾಚಿಂತಕ ಯನಾಗಿ ಸೊಯೆತ್ಸು ಅದನ್ನು ಬಡವನ ಅನ್ನದ ಬಟ್ಟಲೆಂದು ಗುರುತಿಸಿದರು. ಪೂಜೆಯ ಪಾತ್ರೆಯಾಗಿದ್ದಿರಬಹುದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಎರಡರಲ್ಲಿ ಯಾವುದು ನಿಜವಾದರೂ ಒಂದು ಮಾತು ಉಳಿಯುತ್ತದೆ: ಅದನ್ನು ಮಾಡಿದ್ದು ಕೈಯಲ್ಲಿ ಹಿಡಿದು ಬಳಸಲಿಕ್ಕೆ. ಚಹಾ ಗುರುಗಳು ಅದನ್ನು ಮೆಚ್ಚಿಕೊಂಡ ಮೇಲೂ ಬಳಕೆ ನಿಲ್ಲಲಿಲ್ಲ. ಅನ್ನವೋ ನೈವೇದ್ಯವೋ ಇದ್ದ ಜಾಗಕ್ಕೆ ಚಹಾ ಬಂತು, ಅಷ್ಟೆ.

ಇದರ ಪಕ್ಕಕ್ಕೆ ಇನ್ನೊಂದು ಮಣ್ಣಿನ ವಸ್ತುವನ್ನು ಇಟ್ಟು ನೋಡೋಣ. 1917ರಲ್ಲಿ ಕಲಾವಿದ ಮಾರ್ಸೆಲ್ ದ್ಯುಶಾಂ ನ್ಯೂಯಾರ್ಕಿನ ಕಲಾಪ್ರದರ್ಶನವೊಂದಕ್ಕೆ ಪಿಂಗಾಣಿಯ ಮೂತ್ರದ ತೊಟ್ಟಿಯನ್ನು ಅಂಗಾತ ಮಲಗಿಸಿ, ಕಲ್ಪಿತ ಹೆಸರಿನ ಸಹಿ ಹಾಕಿ, ‘ಫೌಂಟನ್’ ಎಂಬ ಶೀರ್ಷಿಕೆ ಕೊಟ್ಟು ಕಳಿಸಿದರು. ಪ್ರದರ್ಶನದವರು ಅದನ್ನು ಇಡಲಿಲ್ಲ. ಮೂಲ ತೊಟ್ಟಿ ಕಳೆದೇ ಹೋಯಿತು. ಆದರೂ ಇಪ್ಪತ್ತನೆಯ ಶತಮಾನದ ಕಲೆಯ ಚರಿತ್ರೆ ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಆ ಪಿಂಗಾಣಿ ಕಲೆಯಾಗಲು ಮೊದಲು ನಿರುಪಯೋಗಿಯಾಗಬೇಕಾಯಿತು. ನಲ್ಲಿಗೆ ಜೋಡಿಸದೆ, ದಿಕ್ಕು ತಿರುಗಿಸಿ, ಪೀಠದ ಮೇಲೆ ಇಡಬೇಕಾಯಿತು. ಕೊರಿಯಾದ ಬಟ್ಟಲು ನಡೆದ ದಾರಿ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಅದನ್ನು ತುಂಬಿದರು, ತಿರುಗಿಸಿದರು, ಕುಡಿದರು, ತೊಳೆದರು, ಒರೆಸಿ ಮತ್ತೆ ಇಟ್ಟರು. ಆ ಬಳಕೆಯ ನಡುವೆಯೇ ಅದರ ಗುಣ ಒಂದೊಂದಾಗಿ ಜನರಿಗೆ ಕಂಡಿತು.

ಬಳಕೆಯ ಕುಂಬಾರಿಕೆ ಕರಕುಶಲವೋ ಲಲಿತಕಲೆಯೋ ಎಂಬ ಹಳೆಯ ವ್ಯಾಜ್ಯಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಉಪಯೋಗಕ್ಕೆಂದು ಮಾಡಿದ್ದು ಕಲೆಯಾಗಲಾರದು ಎಂಬುದು ಮೊದಲನೆಯದು. ಕೈಯಿಂದ ಮಾಡಿದ್ದೆಲ್ಲ ಕಲೆಯೇ ಎಂಬುದು ಎರಡನೆಯದು. ಮೊದಲನೆಯದು ಕುಂಬಾರನನ್ನು ಹೊರಗೆ ನಿಲ್ಲಿಸುತ್ತದೆ. ಎರಡನೆಯದು ಅವನನ್ನು ಒಳಗೆ ಕರೆದು, ಅವನ ಕೆಲಸದಲ್ಲಿ ಒಳ್ಳೆಯದು ಯಾವುದು ಸಾಧಾರಣ ಯಾವುದು ಎಂದು ನೋಡುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಎರಡೂ ನನಗೆ ಒಪ್ಪಿಗೆಯಿಲ್ಲ. ಗಾಯಕನಿಗೆ ಶ್ರುತಿಯಿದ್ದಂತೆ ಕುಂಬಾರನಿಗೆ ಬಳಕೆ ಎಂಬುದು ನನ್ನ ವಾದ. ಅದು ಅವನನ್ನು ಕಟ್ಟಿಹಾಕುವುದೂ ಹೌದು, ಅವನ ಕಲ್ಪನೆಗೆ ನೆಲೆ ಒದಗಿಸುವುದೂ ಅದೇ. ಆದ್ದರಿಂದ ಕಲೆಯ ಗೆರೆ ಎಳೆಯಬೇಕಾದದ್ದು ಚಿತ್ರಕ್ಕೂ ಮಡಕೆಗೂ ನಡುವೆ ಅಲ್ಲ. ಒಂದು ಮಡಕೆಗೂ ಇನ್ನೊಂದು ಮಡಕೆಗೂ ನಡುವೆ. ಎಲ್ಲ ಕ್ಯಾನ್ವಾಸೂ ಕಲೆಯಲ್ಲದಿರುವಾಗ ಎಲ್ಲ ಮಡಕೆಯೂ ಕಲೆಯಾಗಬೇಕಿಲ್ಲ. ಕೆಲವು ಆಗಿವೆ, ಮತ್ತು ಅವು ಆಗಿರುವುದು ನೀರು ಹಿಡಿಯುವುದನ್ನು ಬಿಟ್ಟುಕೊಟ್ಟಲ್ಲ.

ನಾವು ಬಹಳ ಹಳೆಯದೆಂದು ನಂಬಿರುವ ಈ ವಿಂಗಡಣೆಗೆ ಹೆಚ್ಚು ವಯಸ್ಸಾಗಿಲ್ಲ. ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಒಂದೇ ಗುಂಪಿಗೆ ಸೇರಿಸಿ ಲಲಿತಕಲೆಗಳೆಂದು ಕರೆದ ಪುಸ್ತಕವನ್ನು ಫ್ರಾನ್ಸಿನ ಶಾರ್ಲ್ ಬಾತ್ಯೂ ಪ್ರಕಟಿಸಿದ್ದು 1746ರಲ್ಲಿ. ಯುರೋಪಿನಲ್ಲಿ ಲಲಿತಕಲೆಗಳೆಂಬ ಕೂಟ ಗಟ್ಟಿಯಾದದ್ದೇ ಹದಿನೆಂಟನೆಯ ಶತಮಾನದಲ್ಲಿ ಎಂಬುದನ್ನು ಚರಿತ್ರಕಾರ ಪಾಲ್ ಆಸ್ಕರ್ ಕ್ರಿಸ್ಟೆಲರ್ 1950ರ ದಶಕದ ಆರಂಭದಲ್ಲಿ ವಿವರವಾಗಿ ತೋರಿಸಿದರು. ಬಾತ್ಯೂ ವಾಸ್ತುವಿದ್ಯೆಯನ್ನೂ ವಾಗ್ಮಿತೆಯನ್ನೂ ಉಪಯೋಗ, ಆನಂದ ಎರಡೂ ಕೂಡಿದ ಮೂರನೆಯ ಗುಂಪಿನಲ್ಲಿ ಇರಿಸಿದ್ದರು. ಅಂದರೆ ಗೋಡೆ ಕಟ್ಟಿದವರಿಗೇ ಅದರಲ್ಲೊಂದು ಬಾಗಿಲು ಬೇಕಾಗಿತ್ತು. ಮುಂದೆ 1790ರಲ್ಲಿ ಇಮ್ಯಾನುವಲ್ ಕಾಂಟ್ ಕಲೆಯನ್ನು ಸ್ವತಂತ್ರ ಚಟುವಟಿಕೆಯೆಂದೂ ಕೈಕಸುಬನ್ನು ಕೂಲಿಗಾಗಿ ಮಾಡುವ ದುಡಿಮೆಯೆಂದೂ ಬೇರ್ಪಡಿಸಿದರು. ಅಲ್ಲಿಂದಾಚೆಗೆ ಆ ಬಾಗಿಲು ವಾಸ್ತುಶಿಲ್ಪಿಗೆ ತೆರೆದೇ ಉಳಿಯಿತು, ಕುಂಬಾರನಿಗೆ ಮುಚ್ಚಿತು. ವಾಸಕ್ಕೆ ಕಟ್ಟಿದ ಮನೆ ಕಲೆಯಾಗಬಹುದು, ಊಟಕ್ಕೆ ಮಾಡಿದ ಬಟ್ಟಲು ಆಗಲಾರದು ಎನ್ನುವುದಕ್ಕೆ ತತ್ತ್ವದ ಆಧಾರವನ್ನು ನಾನು ಕಾಣೆ. ವಾಸ್ತುಶಿಲ್ಪಿಯನ್ನು ಕರೆಸಿಕೊಂಡವರು ಅರಸರು, ಕುಂಬಾರನನ್ನು ಕರೆಸಿಕೊಂಡವರು ಅಡುಗೆಮನೆಯವರು ಎಂಬ ಸಾಮಾಜಿಕ ಕಾರಣವಷ್ಟೇ ಕಾಣುತ್ತದೆ.

ಕಾನೂನು ಈ ಗೋಡೆಗೆ ಸಿಮೆಂಟು ಹಚ್ಚಿದೆ. 1926ರಲ್ಲಿ ಶಿಲ್ಪಿ ಬ್ರಾಂಕೂಶಿಯ ‘ಬರ್ಡ್ ಇನ್ ಸ್ಪೇಸ್’ ಕಂಚಿನ ಶಿಲ್ಪ ನ್ಯೂಯಾರ್ಕ್ ಬಂದರಿಗೆ ಬಂದಾಗ ಸುಂಕದ ಅಧಿಕಾರಿಗಳು ಅದನ್ನು ಅಡುಗೆ ಸಲಕರಣೆ ಮತ್ತು ಆಸ್ಪತ್ರೆ ಸಾಮಗ್ರಿಗಳ ಪಟ್ಟಿಗೆ ಸೇರಿಸಿ ಶೇ 40ರಷ್ಟು ಸುಂಕ ವಿಧಿಸಿದರು. ವ್ಯಾಜ್ಯ ನಡೆದು 1928ರಲ್ಲಿ ಅದು ಶಿಲ್ಪವೇ ಎಂಬ ತೀರ್ಪು ಬಂತು. ಕಲೆಯ ಚರಿತ್ರೆಯಲ್ಲಿ ಇದನ್ನು ಗೆಲುವೆಂದು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಗೆಲುವು ಸಾಧ್ಯವಾದದ್ದು ಆ ವಸ್ತುವಿನಿಂದ ಯಾವ ಉಪಯೋಗವೂ ಇಲ್ಲ ಎಂಬುದರ ಮೇಲೆ. ಅಡುಗೆಮನೆಯ ವಸ್ತು ಕಲೆಯಾಗಿರಬಹುದೇ ಎಂದು ನ್ಯಾಯಾಲಯದಲ್ಲಿ ಯಾರೂ ಕೇಳಲಿಲ್ಲ. ಇಂದಿಗೂ ಭಾರತ ಸೇರಿದಂತೆ ಹೆಚ್ಚಿನ ದೇಶಗಳು ಅನುಸರಿಸುವ ಸುಂಕದ ವರ್ಗೀಕರಣದಲ್ಲಿ ಪಿಂಗಾಣಿಯ ಊಟದ ಪಾತ್ರೆಗೆ 6911, ಉಳಿದ ಮಣ್ಣಿನ ಊಟದ ಪಾತ್ರೆಗೆ 6912, ಅಲಂಕಾರದ ಗೊಂಬೆಗೆ 6913, ಮೂಲ ಶಿಲ್ಪಕ್ಕೆ 9703. ಒಂದೇ ಕೈ ಒಂದೇ ಮಣ್ಣಿನಿಂದ ಮಾಡಿ ಒಂದೇ ಆವಿಗೆಯಲ್ಲಿ ಸುಟ್ಟ ವಸ್ತುಗಳು ಬಂದರಿನಲ್ಲಿ ಹೀಗೆ ಬೇರೆಬೇರೆ ಜಾತಿಗೆ ಸೇರುತ್ತವೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಸ್ವಲ್ಪ ಉದಾರವಾಗಿದೆ. ಕಲಾತ್ಮಕ ಕುಶಲಕರ್ಮದ ಕೃತಿಗಳನ್ನೂ ಅದು ಕಲಾಕೃತಿಯೆಂದು ಒಪ್ಪುತ್ತದೆ. ಆದರೆ ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ರೂಪವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ಮರುಸೃಷ್ಟಿಸಿದ ಮೇಲೆ ಅದರ ಕೃತಿಸ್ವಾಮ್ಯ ನಿಲ್ಲುತ್ತದೆ. ಕಲೆಗೆ ವಿರಳತೆ ಬೇಕೆಂಬ ನಂಬಿಕೆ ಇಲ್ಲಿ ಅಂಕಿಯಾಗಿ ನಿಂತಿದೆ.

ಬಳಕೆ ಕುಂಬಾರನಿಂದ ಏನನ್ನು ಕೇಳುತ್ತದೆ ಎಂಬುದನ್ನು ಹತ್ತಿರದಿಂದ ನೋಡದೆ ಈ ಚರ್ಚೆ ಮುಂದೆ ಹೋಗಲಾರದು. ಚಹಾ ಕೂಜವನ್ನೇ ತೆಗೆದುಕೊಳ್ಳಿ. ಹೊಟ್ಟೆ, ಮೂತಿ, ಮುಚ್ಚಳ, ಹಿಡಿ ಎಂಬ ನಾಲ್ಕು ಬೇರೆ ವಸ್ತುಗಳು ಒಂದೇ ದೇಹವಾಗಬೇಕು. ಮೂತಿಯ ತುದಿ ಕೂಜದ ಬಾಯಿಗಿಂತ ಕೆಳಗಿದ್ದರೆ ತುಂಬುವ ಮೊದಲೇ ಚಹಾ ಚೆಲ್ಲುತ್ತದೆ. ತುದಿಯ ಅಂಚು ಮೊಂಡಾಗಿದ್ದರೆ ಕೊನೆಯ ಹನಿ ಹಿಂದಕ್ಕೆ ಜಾರಿ ಮೇಜಿನ ಮೇಲೆ ಬೀಳುತ್ತದೆ. ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತಿಲ್ಲದಿದ್ದರೆ ಧಾರೆ ತಡೆತಡೆದು ಬರುತ್ತದೆ. ತಿಗರಿಯಲ್ಲಿ ಎತ್ತಿದ ಮಣ್ಣಿಗೆ ತಿರುಗಿದ ನೆನಪಿರುತ್ತದೆ. ಬೆಂಕಿಯಲ್ಲಿ ಮೂತಿ ತುಸು ತಿರುಚಿಕೊಳ್ಳುತ್ತದೆ. ಇದನ್ನು ಬಲ್ಲ ಕುಂಬಾರ ಹಸಿಯಿದ್ದಾಗಲೇ ತುದಿಯನ್ನು ಓರೆಯಾಗಿ ಕತ್ತರಿಸುತ್ತಾನೆ, ಸುಟ್ಟ ಮೇಲೆ ಅದು ನೇರವಾಗುತ್ತದೆ. ಒಣಗುವಾಗ ಮತ್ತು ಸುಡುವಾಗ ಮಣ್ಣು ಹತ್ತರಲ್ಲೊಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಅವನು ಮಾಡುವುದು ಕಣ್ಣೆದುರಿನ ಆಕಾರವನ್ನಲ್ಲ, ಮುಂದೆ ಆಗಲಿರುವ ಆಕಾರವನ್ನು. ಇಷ್ಟೆಲ್ಲ ನಿಯಮ ಪಾಲಿಸಿದ ಕೂಜವೂ ಸಪ್ಪೆಯಾಗಿರಬಹುದು. ಹಿಡಿ ಹೊಟ್ಟೆಯಿಂದ ಎದ್ದು ಮತ್ತೆ ಹೊಟ್ಟೆಗೆ ಇಳಿಯುವ ಬಾಗಿಗೂ ಮೂತಿಯ ಬಾಗಿಗೂ ನಡುವೆ ಒಂದು ಸಂವಾದವಿದೆ. ತುಂಬಿದಾಗಿನ ಭಾರ ಮಣಿಕಟ್ಟಿನ ಮೇಲೆ ಬೀಳುವುದಕ್ಕೂ ಕಣ್ಣಿಗೆ ಕಾಣುವ ತೂಕಕ್ಕೂ ಒಂದು ನಂಟಿದೆ. ನಿಯಮಗಳು ಮುಗಿದಲ್ಲಿ ಆರಂಭವಾಗುವ ಈ ನಿರ್ಣಯಗಳನ್ನು ಕಲಾನಿರ್ಣಯ ಎನ್ನದೆ ಬೇರೇನೆನ್ನಬೇಕೋ ನನಗೆ ತಿಳಿಯದು. ಅವನ್ನು ಪೂರ್ತಿಯಾಗಿ ಅರಿಯಬೇಕಾದರೆ ಕೂಜವನ್ನು ಎತ್ತಿ ಸುರಿಯಬೇಕು. ಗಾಜಿನ ಕಪಾಟಿನಲ್ಲಿಟ್ಟ ಕೂಜವನ್ನು ನಾವು ಅರ್ಧದಷ್ಟೇ ನೋಡುತ್ತೇವೆ.

ನಮ್ಮ ಹಳೆಯ ಅಡುಗೆ ಗಡಿಗೆಯ ದುಂಡು ತಳವೂ ಹೀಗೆಯೇ. ಮೂಲೆಯಿಲ್ಲದ ಮೈಯಲ್ಲಿ ಕಾವು ಸಮನಾಗಿ ಹರಡುತ್ತದೆ, ಬಿರುಕು ಹುಟ್ಟಲು ಸಂದಿರುವುದಿಲ್ಲ. ಮಣ್ಣಿಗೆ ಮರಳು ಬೆರೆಸುವುದೂ ಒಲೆಯ ಹೊಡೆತವನ್ನು ತಾಳಲಿ ಎಂದು. ನೀರಿನ ಮಡಕೆಯನ್ನು ಹದವಾದ ಬೆಂಕಿಯಲ್ಲಿ ಸುಟ್ಟು ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವಂತೆ ಮಾಡುತ್ತಾರೆ; ಅವುಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಸುತ್ತದೆ. ಈ ಅಗತ್ಯಗಳು ಆಕಾರದ ಎಲ್ಲೆಯನ್ನು ಗುರುತಿಸುತ್ತವೆ, ಆಕಾರವನ್ನೇ ಗೊತ್ತುಪಡಿಸುವುದಿಲ್ಲ. ಗೊತ್ತುಪಡಿಸುವಂತಿದ್ದರೆ ನಾಡಿನ ಎಲ್ಲ ಮಡಕೆಗಳೂ ಒಂದೇ ತೆರನಾಗಿರಬೇಕಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗ ಸಿಕ್ಕ ಮಡಕೆಗಳು ಇದಕ್ಕೆ ಸಾಕ್ಷಿ. ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು-ಕೆಂಪು ಪಾತ್ರೆಗಳ ಮೇಲಿನ ಪದರದಲ್ಲಿ, ಶಾತವಾಹನರ ಕಾಲಕ್ಕೆ ಸೇರುವ ಬೇರೊಂದು ಬಗೆಯ ಪಾತ್ರೆಗಳಿದ್ದವು. ಅವುಗಳ ಮೈಮೇಲೆ ಬಿಳಿ ಮಣ್ಣಿನಲ್ಲಿ ಗೆರೆ, ಚುಕ್ಕಿ, ಬಳುಕು ಬರೆದು, ಅದರ ಮೇಲೆ ಕಾವಿ ಬಳಿದು ಸುಟ್ಟಿದ್ದರು. ಇವು ದಿನಬಳಕೆಯ ಬಟ್ಟಲು, ತಟ್ಟೆಗಳು. ಗೆರೆ ಎಳೆದರೆ ಬಟ್ಟಲಿನಲ್ಲಿ ಹೆಚ್ಚು ಅಂಬಲಿ ಹಿಡಿಯುವುದಿಲ್ಲ. ಆದರೂ ಎಳೆದಿದ್ದಾರೆ, ಎಲ್ಲಿ ಎಳೆಯಬೇಕು ಎಲ್ಲಿ ಬರಿದು ಬಿಡಬೇಕು ಎಂದು ಯೋಚಿಸಿ ಎಳೆದಿದ್ದಾರೆ. ಇವತ್ತು ಈ ಚೂರುಗಳನ್ನು ನಾವು ಕಾಲ ಗುರುತಿಸುವ ಗಡಿಯಾರದಂತೆ ಬಳಸುತ್ತೇವೆ. ಅವುಗಳ ಮೇಲಿನ ಗೆರೆಯನ್ನು ಗೆರೆಯಾಗಿ ನೋಡಿದವರು ಕಡಿಮೆ ಎಂಬುದು ನನ್ನ ನೋವು.

ಉಪಯೋಗವನ್ನು ಕಳೆದು ಮಡಕೆಯನ್ನು ಕಲೆಯ ಪೀಠಕ್ಕೆ ಏರಿಸುವಾಗ ಏನಾಗುತ್ತದೆ ಎಂಬುದಕ್ಕೆ ನೈಜೀರಿಯಾದ ಲಾಡಿ ಕ್ವಾಲಿಯ ಕೆಲಸಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು. ಗ್ವಾರಿ ಸಮುದಾಯದ ಈ ಹೆಂಗಸು ತಿಗರಿಯಿಲ್ಲದೆ ಮಣ್ಣಿನ ಸುರುಳಿಗಳನ್ನು ಪೇರಿಸಿ ದೊಡ್ಡ ನೀರಿನ ಮಡಕೆಗಳನ್ನು ಎತ್ತುತ್ತಿದ್ದಳು. ಮೈಮೇಲೆ ಹಲ್ಲಿ, ಚೇಳು, ಮೊಸಳೆಗಳನ್ನು ಕೊರೆಯುತ್ತಿದ್ದಳು. ಇಂಗ್ಲಿಷ್ ಕುಂಬಾರ ಮೈಕೆಲ್ ಕಾರ್ಡ್ಯೂ ಅಬುಜಾದ ಎಮಿರನ ಮನೆಯಲ್ಲಿ ಆ ಮಡಕೆಗಳನ್ನು ಕಂಡು ಬೆರಗಾದರು. 1950ರ ದಶಕದಲ್ಲಿ ಆಕೆ ಕಾರ್ಡ್ಯೂ ನಡೆಸುತ್ತಿದ್ದ ಅಬುಜಾದ ತರಬೇತಿ ಕೇಂದ್ರ ಸೇರಿದಳು. ಅಲ್ಲಿ ಅದೇ ಆಕಾರ, ಅದೇ ಕೊರೆತದ ಮಡಕೆಗಳಿಗೆ ಗ್ಲೇಜು ಬಿತ್ತು. ಹೆಚ್ಚು ಕಾವಿನಲ್ಲಿ ಸುಟ್ಟು ಕಲ್ಲಿನಷ್ಟು ಗಟ್ಟಿಯಾಗಿಸಿದರು. ಲಂಡನ್ನಿನ ಗ್ಯಾಲರಿಗಳಲ್ಲಿ ಅವು ಮಾರಾಟವಾದವು. ಆಕೆಯ ಚಿತ್ರ ಇಂದು ನೈಜೀರಿಯಾದ 20 ನೈರಾ ನೋಟಿನ ಮೇಲಿದೆ. ಆ ಗೌರವಕ್ಕೆ ಆಕೆ ಪೂರ್ತಿ ಅರ್ಹಳು. ಆದರೆ ಗ್ಲೇಜು ಬಿದ್ದ ಮಡಕೆಯ ಮೈ ಉಸಿರಾಡುವುದಿಲ್ಲ, ನೀರು ಜಿನುಗುವುದಿಲ್ಲ, ತಂಪಾಗುವುದಿಲ್ಲ. ಆ ದೊಡ್ಡ ಹೊಟ್ಟೆಯ ಆಕಾರ ಹುಟ್ಟಿದ್ದು ಯಾವ ಕಾರಣಕ್ಕೋ ಆ ಕಾರಣ ಹೋಗಿ ಆಕಾರವಷ್ಟೇ ಉಳಿಯಿತು. ಎರಡು ಬಗೆಯ ಮಡಕೆಗಳನ್ನೂ ಮಾಡಿದ್ದು ಅದೇ ಕೈ. ಎರಡನೆಯದನ್ನು ಮಾತ್ರ ಕಲೆ ಎನ್ನುವುದಾದರೆ ಆ ಕೈಯಲ್ಲಿ ಕಲೆ ಗ್ಲೇಜಿನ ಜೊತೆಗೆ ಬಂತೆಂದು ಹೇಳಬೇಕಾಗುತ್ತದೆ. ಎಮಿರನ ಮನೆಯಲ್ಲಿ ಕಾರ್ಡ್ಯೂ ಬೆರಗಾದದ್ದು ಗ್ಲೇಜಿಲ್ಲದ ಮಡಕೆಯನ್ನು ಕಂಡು.

ನನ್ನ ವಾದಕ್ಕೆ ಎದುರು ನಿಲ್ಲುವ ಗಟ್ಟಿಯಾದ ಆಕ್ಷೇಪ ತತ್ತ್ವಜ್ಞಾನಿ ಆರ್.ಜಿ. ಕಾಲಿಂಗ್‌ವುಡ್ ಅವರದು. 1938ರ ತಮ್ಮ ಗ್ರಂಥದಲ್ಲಿ ಅವರು ಕುಶಲಕರ್ಮಿಗೆ ತಾನು ಮಾಡುವುದೇನೆಂದು ಮೊದಲೇ ಗೊತ್ತಿರುತ್ತದೆ ಎಂದರು. ಕಲಾವಿದನಿಗೆ ಅದು ಮಾಡುತ್ತ ಮಾಡುತ್ತ ತಿಳಿಯುತ್ತದೆ. ಸಾಧನ, ಗುರಿ ಎಂಬ ಲೆಕ್ಕದಲ್ಲಿ ಹಿಡಿಯಬಹುದಾದದ್ದು ಕುಶಲಕರ್ಮ, ಆ ಲೆಕ್ಕಕ್ಕೆ ಸಿಗದೆ ಉಳಿಯುವುದು ಕಲೆ. ಈ ವಿವೇಚನೆಯಲ್ಲಿ ನಿಜವಾದ ತಿಳಿವಿದೆ, ಅದನ್ನು ಹಗುರಾಗಿ ತಳ್ಳುವಂತಿಲ್ಲ. ಕಾಲಿಂಗ್‌ವುಡ್ ಕೂಡ ಒಂದೇ ವಸ್ತುವಿನಲ್ಲಿ ಎರಡೂ ಇರಬಹುದೆಂದು ಒಪ್ಪಿದ್ದರು. ಆದರೆ ಈ ಅಳತೆಗೋಲು ಕುಂಬಾರನನ್ನು ಹೊರಗಿಡುತ್ತದೆ ಎನ್ನುವವರು ‘ನೀರು ಹಿಡಿಯಬೇಕು’ ಎಂಬ ಗುರಿಯನ್ನೂ ‘ಹೀಗಿರಬೇಕು’ ಎಂಬ ರೂಪವನ್ನೂ ಒಂದೇ ಎಂದುಕೊಳ್ಳುತ್ತಾರೆ. ಭಾವಚಿತ್ರ ಬರೆಯುವವನಿಗೂ ಇಂಥವರ ಮುಖ ಬರೆಯಬೇಕೆಂಬುದು ಮೊದಲೇ ಗೊತ್ತು. ದೇವಾಲಯದ ಶಿಲ್ಪಿಗೆ ವಿಗ್ರಹದ ತಾಳಮಾನವೂ ಗೊತ್ತು. ತಿಗರಿಯ ಮೇಲೆ ಗೋಡೆ ಏಳುತ್ತಿರುವಾಗ ಕಂಠವನ್ನು ಎಲ್ಲಿ ಕಿರಿದುಗೊಳಿಸಬೇಕು ಎಂಬುದು ಆ ಕ್ಷಣದ ಮಣ್ಣಿನ ಹದ, ವೇಗ, ಬೆರಳಿನ ಒತ್ತಡ ಎಲ್ಲ ಸೇರಿ ಆಗುವ ತೀರ್ಮಾನ. ಅದನ್ನು ಮೊದಲೇ ಬರೆದಿಟ್ಟುಕೊಂಡು ಮಾಡಲಾಗದು. ಅಲ್ಲಿಂದ ಮುಂದಿನ ತೀರ್ಮಾನ ಬೆಂಕಿಯದು, ಅದರಲ್ಲಿ ಕುಂಬಾರ ಪಾಲುದಾರ ಮಾತ್ರ.

ಮಡಕೆ ಏನನ್ನೂ ಹೇಳುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಚಿತ್ರ ಯುದ್ಧವನ್ನು, ಸಾವನ್ನು, ಪ್ರೀತಿಯನ್ನು ಹೇಳಬಲ್ಲದು, ಬಟ್ಟಲು ಏನು ಹೇಳೀತು? ಇದರಲ್ಲಿ ಒಂದು ಭಾಗವನ್ನು ಒಪ್ಪುತ್ತೇನೆ. ‘ಗೆರ್ನಿಕಾ’ದಂಥ ಯುದ್ಧದ ಚಿತ್ರ ಮಾಡುವ ಕೆಲಸವನ್ನು ಯಾವ ಬಟ್ಟಲೂ ಮಾಡಲಾರದು. ಗ್ರೇಸನ್ ಪೆರಿ 2003ರಲ್ಲಿ ಟರ್ನರ್ ಪ್ರಶಸ್ತಿ ಗೆದ್ದಾಗ ಅವರ ಹೂದಾನಿಗಳು ಮಾತಾಡಿದ್ದು ಮೈಮೇಲೆ ಬರೆದ ಚಿತ್ರಗಳ ಮೂಲಕ. ಹೂದಾನಿ ಅಲ್ಲಿ ಬಾಗಿದ ಕ್ಯಾನ್ವಾಸು. ಅದು ಕಲೆಯೇ, ಆದರೆ ನಾನು ಹೇಳುತ್ತಿರುವುದು ಬೇರೆ ಕಲೆಯನ್ನು. ತಾನಂ ಹಾಡುವ ಗಾಯಕ ಯಾವ ಕಥೆಯನ್ನೂ ಹೇಳುವುದಿಲ್ಲ. ಅಕ್ಷರಗಳಿಗೆ ಅರ್ಥವಿಲ್ಲದ ಆ ಹೊತ್ತಿನಲ್ಲೇ ರಾಗ ಬಹಳ ಹತ್ತಿರ ಬರುತ್ತದೆ. ಅದನ್ನು ಕಲೆಯಲ್ಲ ಎಂದು ಯಾರೂ ಹೇಳಿಲ್ಲ. ಸಂಗೀತದಲ್ಲಿ ಒಪ್ಪಿದ ಮಾತನ್ನು ಮಣ್ಣಿನಲ್ಲಿ ಏಕೆ ಒಪ್ಪಬಾರದು? ಈ ಎರಡೂ ಒಂದೇ ವಸ್ತುವಿನಲ್ಲಿ ಕೂಡುವುದು ಘಟದಲ್ಲಿ. ಎಷ್ಟು ದಪ್ಪ, ಎಷ್ಟು ಹೊಟ್ಟೆ, ಎಷ್ಟು ಬೆಂಕಿ ಎಂಬುದರ ಮೇಲೆ ಅದರ ಶ್ರುತಿ ನಿಲ್ಲುತ್ತದೆ. ಸುಟ್ಟ ಮೇಲೆ ತುಸು ಅತ್ತಿತ್ತ ಮಾಡಬಹುದೇ ಹೊರತು ಶ್ರುತಿಯನ್ನು ಬದಲಿಸಲಾಗದು. ಬೇರೆಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟತರಂಗ ನುಡಿಸುವಾಗ ನಾವು ಕೇಳುತ್ತಿರುವುದರಲ್ಲಿ ಕುಂಬಾರರ ಕಿವಿಯೂ ಸೇರಿದೆ. ತಮಿಳುನಾಡಿನ ಮಾನಾಮಧುರೆಯಲ್ಲಿ ಘಟ ತಯಾರಿಸುವ ಮೀನಾಕ್ಷಿ ಎಂಬ ಕುಂಬಾರ ಮಹಿಳೆಗೆ ಸಂಗೀತ ನಾಟಕ ಅಕಾಡೆಮಿ ತನ್ನ ಪುರಸ್ಕಾರ ನೀಡಿದ್ದು ನಮ್ಮ ಸಂಸ್ಥೆಗಳು ಮಾಡಿದ ವಿವೇಕದ ಕೆಲಸಗಳಲ್ಲಿ ಒಂದು. ಹರಿಹರನಿಗೆ ಇದು ಎಂದೋ ಗೊತ್ತಿತ್ತು. ಅವನ ರಗಳೆಯ ಕುಂಬಾರ ಗುಂಡಯ್ಯ ತಾನು ಮಾಡಿದ ಮಡಕೆಯನ್ನೇ ಬಾರಿಸಿ ಕುಣಿಯುತ್ತಾನೆ, ಶಿವನೇ ಬಂದು ಜೊತೆಗೆ ಕುಣಿಯುತ್ತಾನೆ. ಅಲ್ಲಿ ಕಸುಬು ಬೇರೆ, ಕಲೆ ಬೇರೆ, ಭಕ್ತಿ ಬೇರೆ ಎಂಬ ಖಾನೆಗಳಿಲ್ಲ.

ಒಂದೇ ಬಗೆಯ ಬಟ್ಟಲನ್ನು ನೂರಾರು ಬಾರಿ ಮಾಡುವುದರಲ್ಲಿ ಸೃಷ್ಟಿ ಎಲ್ಲಿದೆ ಎಂದು ಕೇಳುವವರಿಗೆ ಉದ್ದದ ಉತ್ತರ ಬೇಕಿಲ್ಲ. ಜಪಾನಿನ ಕುಂಬಾರ ಹಮಾದ ಶೋಜಿ ಕಬ್ಬಿನ ಜಲ್ಲೆಯ ಒಂದೇ ಚಿಹ್ನೆಯನ್ನು ದಶಕಗಳ ಕಾಲ ಬರೆದರು, ಒಂದು ಇನ್ನೊಂದರಂತಿಲ್ಲ. ಅಚ್ಚುಚಿತ್ರಗಳೂ ಎರಕದ ಶಿಲ್ಪಗಳೂ ಹಲವಾಗಿ ಹುಟ್ಟಿಯೂ ಕಲೆಯಾಗಿ ಉಳಿದಿವೆ.

ನಾನು ಹೆಚ್ಚು ಗೌರವಿಸುವ, ಆದರೂ ಪೂರ್ತಿ ಒಪ್ಪಲಾಗದ ನಿಲುವು ಯನಾಗಿಯವರದು. 1925ರಲ್ಲಿ ಅವರು ಹಮಾದ ಶೋಜಿ, ಕವಾಯಿ ಕಂಜಿರೊ ಜೊತೆ ಸೇರಿ ಜನಸಾಮಾನ್ಯರ ಕಲೆಗೆ ‘ಮಿಂಗೆಯಿ’ ಎಂದು ಹೆಸರಿಟ್ಟರು. 1936ರಲ್ಲಿ ಟೋಕಿಯೊದಲ್ಲಿ ಅದಕ್ಕೊಂದು ಸಂಗ್ರಹಾಲಯ ತೆರೆದರು. ಅದೇ ಹಮಾದ 1920ರಲ್ಲಿ ಕುಂಬಾರ ಬರ್ನಾರ್ಡ್ ಲೀಚ್ ಜೊತೆಗೂಡಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆಯ ಕಾರ್ಯಾಗಾರ ಕಟ್ಟಿದ್ದವರು. ಹೀಗಾಗಿ ಈ ವಿಚಾರ ಜಗತ್ತಿನೆಲ್ಲೆಡೆ ಹಬ್ಬಿತು. ಬಳಕೆಯ ವಸ್ತುವಿನ ಸೌಂದರ್ಯಕ್ಕೆ ಯನಾಗಿಯವರಷ್ಟು ಕಣ್ಣು ತೆರೆಸಿದವರು ಕಡಿಮೆ. ಆದರೆ ಆ ಸೌಂದರ್ಯ ಹುಟ್ಟುವುದು ಮಾಡುವವನು ಅನಾಮಿಕನಾಗಿ, ಓದುಬರಹವಿಲ್ಲದವನಾಗಿ, ತಾನು ಮಾಡುತ್ತಿರುವುದು ಸುಂದರವೆಂಬ ಅರಿವೇ ಇಲ್ಲದವನಾಗಿ ಇದ್ದಾಗ ಎಂದು ಅವರು ನಂಬಿದ್ದರು. ಕೊರಿಯಾದ ಆ ಕುಂಬಾರನ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿದಿಲ್ಲ. ಅವನ ಹೆಸರು ಉಳಿಯಲಿಲ್ಲ ಎಂಬುದರಿಂದ ಅವನಿಗೆ ಅರಿವಿರಲಿಲ್ಲ ಎಂಬ ತೀರ್ಮಾನ ಹುಟ್ಟುವುದಿಲ್ಲ. 1592ರಿಂದ 1598ರವರೆಗಿನ ಜಪಾನೀ ದಾಳಿಗಳಲ್ಲಿ ಕೊರಿಯಾದ ಕುಂಬಾರರನ್ನೇ ಸೆರೆಹಿಡಿದು ಒಯ್ದರು. ಅಷ್ಟು ಬೆಲೆಯುಳ್ಳ ಕೈಗಳ ಹೆಸರುಗಳು ಉಳಿಯದಿದ್ದರೆ ಅದಕ್ಕೆ ಬರೆದಿಡುವವರ ಅಸಡ್ಡೆ ಕಾರಣ, ಕುಂಬಾರರ ಮುಗ್ಧತೆಯಲ್ಲ. ಜಾತಿಯ ಏಣಿಯಲ್ಲಿ ಕುಂಬಾರನ ಮೆಟ್ಟಿಲು ಯಾವುದೆಂದು ಗೊತ್ತಿರುವ ನಾವು ಅನಾಮಿಕತೆಯನ್ನು ಆಧ್ಯಾತ್ಮಿಕ ಗುಣವಾಗಿ ಹೊಗಳುವ ಮುನ್ನ ಎರಡು ಬಾರಿ ಯೋಚಿಸಬೇಕು. ಹೆಸರಿಲ್ಲದ ಕುಂಬಾರನನ್ನು ಹೊಗಳುವವರಿಗೆ ಹೆಸರಿದೆ.

ನಮ್ಮಲ್ಲಿ ಈ ಅಸಡ್ಡೆಯನ್ನು ತಿದ್ದುವ ಯತ್ನಗಳು ನಡೆದಿವೆ. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಕುಶಲಕರ್ಮಿಗಳಿಗೆ ಮಾರುಕಟ್ಟೆಯನ್ನೂ ಮನ್ನಣೆಯನ್ನೂ ಹುಡುಕಿದರು. 1965ರಲ್ಲಿ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿಗಳು ಆರಂಭವಾದವು. 1998ರಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಜ್ಯೋತೀಂದ್ರ ಜೈನ್ ಐವರು ಜನಪದ ಮತ್ತು ಬುಡಕಟ್ಟು ಕಲಾವಿದರ ಪ್ರದರ್ಶನ ಏರ್ಪಡಿಸಿ, ಒಬ್ಬೊಬ್ಬರನ್ನೂ ಹೆಸರು, ಬದುಕು, ಶೈಲಿಗಳ ಸಮೇತ ಪರಿಚಯಿಸಿದರು. ಅವರಲ್ಲಿ ಒಬ್ಬರು ಮಣಿಪುರದ ಥೊಂಗ್‌ಜಾವೊದ ನೀಲಮಣಿ ದೇವಿ. ಅಲ್ಲಿ ತಿಗರಿ ತಿರುಗುವುದಿಲ್ಲ, ಮಡಕೆಯ ಸುತ್ತ ಕುಂಬಾರ ಹೆಂಗಸೇ ತಿರುಗುತ್ತಾಳೆ. ಸಮುದಾಯದ ಪರಂಪರೆ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತಿದ್ದ ಒಬ್ಬಳ ಕೈಯ ಗುರುತನ್ನು ಆ ಪ್ರದರ್ಶನ ಎತ್ತಿ ತೋರಿಸಿತು. ಇನ್ನೊಂದು ದಿಕ್ಕಿನಿಂದ, ಪುದುಚೇರಿಯಲ್ಲಿ 1971ರಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಕಟ್ಟಿದ ಗೋಲ್ಡನ್ ಬ್ರಿಜ್ ಪಾಟರಿ ಊಟದ ಪಾತ್ರೆಗಳನ್ನೇ ಜೀವಾಳ ಮಾಡಿಕೊಂಡಿತು. ಇಂದಿನ ಭಾರತದ ಹೆಸರಾಂತ ಸಿರಾಮಿಕ್ ಕಲಾವಿದರಲ್ಲಿ ಹಲವರು ಅಲ್ಲಿ ಕಲಿತವರು. 2018ರಲ್ಲಿ ಜೈಪುರದಲ್ಲಿ ಮೊದಲ ಭಾರತೀಯ ಸಿರಾಮಿಕ್ಸ್ ಟ್ರಿಯೆನಾಲೆ ನಡೆದು ಮಣ್ಣಿಗೆ ಸಮಕಾಲೀನ ಕಲೆಯ ವೇದಿಕೆ ಸಿಕ್ಕಿತು. ಸಂತೋಷದ ಸಂಗತಿ. ಆದರೆ ಇಂಥ ವೇದಿಕೆಗಳಲ್ಲಿ ಮಣ್ಣು ಮುಂದೆ ಬರುವುದು ಹೆಚ್ಚಾಗಿ ಪಾತ್ರೆಯ ರೂಪ ಬಿಟ್ಟು, ಪ್ರತಿಷ್ಠಾಪನೆಯಾಗಿ, ಶಿಲ್ಪವಾಗಿ. 1920ರ ದಶಕದ ಇಂಗ್ಲೆಂಡಿನಲ್ಲಿ ವಿಲಿಯಂ ಸ್ಟೇಟ್ ಮರ್ರಿ ತಮ್ಮ ಹೂದಾನಿಗಳಿಗೆ ಚಿತ್ರಗಳಂತೆ ಶೀರ್ಷಿಕೆಯಿಟ್ಟು, ಚಿತ್ರಗಳ ಬೆಲೆಯಿಟ್ಟು, ಗ್ಯಾಲರಿಯಲ್ಲಿ ಇರಿಸಿದಾಗಲೂ ಪ್ರವೇಶದ ಶುಲ್ಕ ಬಳಕೆಯನ್ನು ಬಿಟ್ಟುಕೊಡುವುದೇ ಆಗಿತ್ತು.

ಉಳಿದಿರುವ ಆಕ್ಷೇಪ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಅದು ಕುಂಬಾರರಿಂದಲೇ ಬರುತ್ತದೆ. ಕಲೆಯೆಂದು ಕರೆದ ಕೂಡಲೇ ಬೆಲೆ ಏರುತ್ತದೆ, ಬೆಲೆ ಏರಿದ ಕೂಡಲೇ ಬಟ್ಟಲು ಅಡುಗೆಮನೆಯಿಂದ ಕಪಾಟಿಗೆ ಹೋಗುತ್ತದೆ. ಬಳಕೆಯಲ್ಲೇ ಕಲೆಯಿದೆ ಎನ್ನುವ ವಾದ ಗೆದ್ದರೆ ಬಳಕೆಯೇ ಸಾಯುತ್ತದೆ. ಅಮೆರಿಕದ ಮಿನೆಸೋಟದಲ್ಲಿ ಲೀಚ್ ಅವರ ಶಿಷ್ಯ ವಾರನ್ ಮೆಕೆಂಝಿ ಈ ಇಕ್ಕಟ್ಟಿನ ಜೊತೆ ಹಲವು ದಶಕ ಬಾಳಿದರು. ಬಟ್ಟಲುಗಳಿಗೆ ಬೇಕೆಂದೇ ಕಡಿಮೆ ಬೆಲೆಯಿಟ್ಟು, ಕಾವಲಿಲ್ಲದ ಕೋಣೆಯಲ್ಲಿ ಜೋಡಿಸಿ, ಬೇಕಾದವರು ತೆಗೆದುಕೊಂಡು ಬುಟ್ಟಿಗೆ ಹಣ ಹಾಕಿ ಹೋಗಲಿ ಎಂದು ಬಿಟ್ಟರು. ಅವರ ಹೆಸರು ಬೆಳೆದಂತೆ ಸಂಗ್ರಾಹಕರು ಬಂದು ಬಾಚಿಕೊಂಡು ಹೋಗಿ ಹಲವು ಪಟ್ಟು ಬೆಲೆಗೆ ಮಾರತೊಡಗಿದರು. ಮೆಕೆಂಝಿ ಒಬ್ಬರಿಗೆ ಇಷ್ಟೇ ಎಂಬ ಮಿತಿ ಹಾಕಿ ನೋಡಿದರು, ಕೊನೆಗೆ ಆ ಕೋಣೆಯನ್ನು ಮುಚ್ಚಿದರು. ಇದು ನನ್ನ ವಾದವನ್ನು ಅಲುಗಿಸುವ ಘಟನೆ ಎಂದು ಒಪ್ಪುತ್ತೇನೆ. ಆದರೆ ಅಲ್ಲಿ ಬಟ್ಟಲುಗಳನ್ನು ಬಳಕೆಯಿಂದ ಕಿತ್ತದ್ದು ಅವು ಕಲೆಯೆಂಬ ಮನ್ನಣೆಯಲ್ಲ. ವಿರಳವಾದದ್ದು, ಮುಟ್ಟಬಾರದ್ದು ಮಾತ್ರ ಕಲೆ ಎಂಬ ಹಳೆಯ ನಂಬಿಕೆ. ಪ್ರಖ್ಯಾತವಾದ ಚಹಾ ಬಟ್ಟಲಿನಲ್ಲಿ ಅತಿಥಿಗೆ ಚಹಾ ಕೊಡುವ ಪದ್ಧತಿ ಜಪಾನಿನ ಚಹಾಮನೆಗಳಲ್ಲಿ ಉಳಿದುಕೊಂಡಿದೆ. ಬೆಲೆ ಮತ್ತು ಬಳಕೆ ಒಟ್ಟಿಗೆ ಇರಲಾರವು ಎಂಬುದು ನಿಯಮವೇನಲ್ಲ.

ನಮ್ಮ ಕುಂಬಾರರ ಇಕ್ಕಟ್ಟು ಮೆಕೆಂಝಿಯವರದಕ್ಕೆ ತದ್ವಿರುದ್ಧ. ಇಲ್ಲಿ ಮಡಕೆಯ ಬೆಲೆ ಸೌದೆಯ ಖರ್ಚನ್ನೂ ಹುಟ್ಟಿಸುವುದು ಕಷ್ಟ. ಕೆರೆಯ ಮಣ್ಣು ಮೊದಲಿನಂತೆ ಸಿಗುವುದಿಲ್ಲ, ಸ್ಟೀಲು ಪ್ಲಾಸ್ಟಿಕ್ಕುಗಳು ಬೀದಿಯ ಗಿರಾಕಿಯನ್ನು ಒಯ್ದಿವೆ, ದೀಪಾವಳಿಯ ಹಣತೆಯೂ ಅಚ್ಚಿನಿಂದ ಬರುತ್ತಿದೆ. ಖಾನಾಪುರದ ಕುಂಬಾರಿಕೆ ಕೇಂದ್ರದಂಥ ಸಂಸ್ಥೆಗಳು ಕೌಶಲ ಕಲಿಸಬಲ್ಲವು. ಕಲಿತವನ ಮಡಕೆಯನ್ನು ನೋಡಿ ಬೆಲೆ ಕಟ್ಟುವ ಕಣ್ಣನ್ನು ಕೊಳ್ಳುವವರಲ್ಲಿ ಬೆಳೆಸಬೇಕಾದವರು ಬೇರೆಯವರು: ವಿಮರ್ಶಕರು, ಕಲಾಶಾಲೆಗಳು, ಪತ್ರಿಕೆಗಳು, ವಸ್ತುಸಂಗ್ರಹಾಲಯಗಳು. ಚಿತ್ರಪ್ರದರ್ಶನದ ಬಗ್ಗೆ ಬರೆಯುವಷ್ಟೇ ಎಚ್ಚರದಿಂದ ಒಬ್ಬ ಕುಂಬಾರನ ಹೂಜಿಯ ಕಂಠದ ಬಗ್ಗೆ, ಇನ್ನೊಬ್ಬನ ಗಡಿಗೆ ಏಕೆ ಅದರಷ್ಟು ಚೆನ್ನಾಗಿಲ್ಲ ಎಂಬುದರ ಬಗ್ಗೆ ಕನ್ನಡದಲ್ಲಿ ಬರೆಯುವ ವಿಮರ್ಶೆ ಬೇಕು. ಸಂಗ್ರಹಾಲಯಗಳು ‘ಮಣ್ಣಿನ ಮಡಕೆ, ಉತ್ತರ ಕರ್ನಾಟಕ’ ಎಂಬಂಥ ಚೀಟಿಗಳನ್ನು ತೆಗೆದು ಮಾಡಿದವರ ಹೆಸರು, ಊರು, ಮಣ್ಣು ತಂದ ಜಾಗ, ಸುಟ್ಟ ಬಗೆ, ಹಿಡಿಯುವ ನೀರು, ಇಷ್ಟನ್ನು ಬರೆಯಬಹುದು. ಪ್ರತಿ ಸಂಗ್ರಹದ ಪಕ್ಕದಲ್ಲಿ ಇಂದಿನ ಕುಂಬಾರರ ಕೆಲವು ಪಾತ್ರೆಗಳನ್ನು ತೆರೆದ ಮೇಜಿನ ಮೇಲಿಟ್ಟು, ಬಂದವರು ಎತ್ತಿ ನೀರು ಬಗ್ಗಿಸಿ ಕುಡಿದು ನೋಡಲು ಬಿಡಬಹುದು. ಒಂದೆರಡು ಒಡೆಯುತ್ತವೆ. ಅದರ ಬೆಲೆಯನ್ನು ಸಂಗ್ರಹಾಲಯದ ಖರ್ಚಿನಲ್ಲಿ ಸೇರಿಸಿ, ಅದೇ ಕುಂಬಾರರಿಂದ ಮತ್ತೆ ಕೊಳ್ಳಲಿ.